ಅಡಿಗೆ ಭಟ್ಟರ ಸೀರಮ್

ಈ ಸಲದ ಲಗ್ನದ ದಿನಗಳಲ್ಲಿ ಅವರು ಯಾವ ಕಲ್ಯಾಣಮಂಟಪದಲ್ಲೂ ಕಾಣಲಿಲ್ಲ. ನಾನು ಮದುಮಗಳನ್ನು ಸಿಂಗರಿಸುವವಳು. ಶಿರಸಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ; ಲಗ್ನಗಳು ಶುರುವಾದರೆ ಪೆಟ್ಟಿಗೆ ಹೊತ್ತು ಸಿದ್ದಾಪುರ, ಯಲ್ಲಾಪುರ ಎಂದು ತಿರುಗುತ್ತೇನೆ. ಎಲ್ಲಿ ಹೋದರೂ ಮದುಮಗಳ ಕೋಣೆಯಲ್ಲಿ ನಾನು, ಹಿಂದಿನ ಅಡಿಗೆ ಶೆಡ್ಡಿನಲ್ಲಿ ಅವರು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಈಗ ಶೆಡ್ಡಿನಲ್ಲಿ ಬೇರೆ ಯಾರೋ ಸೌಟು ಹಿಡಿದಿರುತ್ತಾರೆ. ತರಕಾರಿ ಹೆಚ್ಚುವ ಹೆಂಗಸನ್ನು ಕೇಳಿದೆ. ಅವರು ಲಗ್ನದ ಅಡಿಗೆಯನ್ನೇ ಬಿಟ್ಟು ಘಟ್ಟದ ಕೆಳಗೆ ಯಾವುದೋ ದೇವಸ್ಥಾನದ ಭೋಜನಶಾಲೆ ಸೇರಿದ್ದಾರಂತೆ. ಅಲ್ಲಿ ಅಡಿಗೆಯವರು ಗೋಡೆಯ ಆಚೆ, ಉಣ್ಣುವವರು ಈಚೆ, ಯಾರು ಬೇಯಿಸಿದರೆಂದು ಯಾರೂ ನೋಡುವುದಿಲ್ಲ ಎಂದಳು. ಅದನ್ನು ಕೇಳಿ ನನಗೆ ನಾಚಿಕೆಯಾಯಿತು. ಆ ನಾಚಿಕೆ ಹೋಗಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಇಲ್ಲಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವರು ಅಡಿಗೆ ಭಟ್ಟರು, ಹುಲಗೋಳದ ಕಡೆಯವರು, ಅಷ್ಟೆ. ಆಳು ಎತ್ತರ. ಆದರೆ ಎತ್ತರವಿದ್ದದ್ದೇ ತಪ್ಪಾಯಿತೇನೋ ಎನ್ನುವ ಹಾಗೆ ಬಗ್ಗಿಯೇ ನಡೆಯುತ್ತಿದ್ದರು. ಯಾರಾದರೂ ಎದುರು ಬಂದರೆ ದಾರಿ ಎಷ್ಟು ಅಗಲವಿದ್ದರೂ ಗೋಡೆಗೆ ಒತ್ತಿ ನಿಂತು ಬಿಟ್ಟುಕೊಡುವವರು. ಮನುಷ್ಯರ ಹತ್ತಿರ ಮಾತು ಕಡಿಮೆ, ಪಾತ್ರೆಗಳ ಹತ್ತಿರ ಜಾಸ್ತಿ. ದೊಡ್ಡ ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿದ್ದರೆ ಅದಕ್ಕೆ ಬೈಯುವುದು, ರಮಿಸುವುದು, ಆತು, ಈಗ ಇಳಿಸ್ತಿ, ಗಡಿಬಿಡಿ ಮಾಡಡ ಎಂದು ಸಮಾಧಾನ ಹೇಳುವುದು, ಎಲ್ಲ ಕೇಳಿಸುತ್ತಿತ್ತು. ಅಪ್ಪೆಹುಳಿಯ ಒಗ್ಗರಣೆಯನ್ನು ಬೇರೆಯವರ ಕೈಗೆ ಕೊಟ್ಟವರೇ ಅಲ್ಲ. ಯಾರಾದರೂ ಅಡಿಗೆ ಹೊಗಳಿದರೆ ಮಾವಿನ ಮಿಡಿ ಚೆನ್ನಾಗಿತ್ತು, ಬೆಲ್ಲ ಚೆನ್ನಾಗಿತ್ತು ಎಂದು ಹೊಗಳಿಕೆಯನ್ನು ಅತ್ತ ದಾಟಿಸಿಬಿಡುತ್ತಿದ್ದರು.

ಅವರು ಮೊದಲ ಸಲ ನನ್ನ ಪಾರ್ಲರಿಗೆ ಬಂದದ್ದು ಒಂದು ಮಧ್ಯಾಹ್ನ. ಬಂದದ್ದು ಎನ್ನುವುದೂ ಸರಿಯಲ್ಲ, ಮೆಟ್ಟಿಲಿನ ಅರ್ಧಕ್ಕೆ ನಿಂತಿದ್ದರು. ನನ್ನದು ಹೆಂಗಸರ ಪಾರ್ಲರ್. ಗಂಡಸರು ಹೆಂಡತಿಯನ್ನು ಬಿಟ್ಟು ಕೆಳಗಿನಿಂದಲೇ ಓಡುತ್ತಾರೆ. ಒಳಗಿದ್ದ ಗಿರಾಕಿ ಹುಬ್ಬು ತಿದ್ದಿಸಿಕೊಂಡು ಇಳಿದುಹೋದ ಮೇಲೆ ಅವರು ಮೇಲೆ ಬಂದು, ಒಂದು ತೊಡೆದೇವು ಸಿಹಿಯ ಪೊಟ್ಟಣ ನನ್ನ ಮೇಜಿನ ಮೇಲಿಟ್ಟು, ಹೊಸ್ತಿಲಾಚೆಗೇ ನಿಂತರು. ತಂಗಿಯ ಮಗಳಿಗೆ ಕೆನ್ನೆಯ ಮೇಲೆ ಬಂಗು ಬಂದಿದೆಯಂತೆ, ಅದಕ್ಕೆ ಈಗಿನ ಕಾಲದಲ್ಲಿ ಏನೋ ವಿಟಮಿನ್ ಸಿ ಹಚ್ಚುತ್ತಾರಂತೆ, ಹೌದೇ ಎಂದು ಕೇಳಿದರು. ಹುಡುಗಿಗೆ ವಯಸ್ಸೆಷ್ಟು ಎಂದೆ. ತಡವರಿಸಿದರು. ಬಿಸಿಲಿಗೆ ಹೋಗುತ್ತಾಳೋ ಎಂದೆ. ಬಿಸಿಲು ಅಷ್ಟಿಲ್ಲ, ಬೆಂಕಿ ಜಾಸ್ತಿ ಎಂದರು. ಹೇಳಿದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಅವರ ಎರಡೂ ಕೆನ್ನೆಗಳ ಮೇಲೆ, ಮೂಗಿನ ಏಣಿನ ಮೇಲೆ, ಕಾಫಿಪುಡಿ ತೂರಿದ ಹಾಗೆ ಬಂಗು ಹರಡಿಕೊಂಡಿತ್ತು. ವರ್ಷಗಟ್ಟಲೆ ಒಲೆಯ ಮುಂದೆ ನಿಂತವರ ಮುಖ. ನಾನು ನಗು ತಡೆದುಕೊಂಡು, ತಂಗಿಯ ಮಗಳಿಗೆ ಹೇಳಿ ಎಂದು ಶುರು ಮಾಡಿದೆ.

ಹೇಳಿದ್ದು ಇಷ್ಟು. ಬೆಳಿಗ್ಗೆ ಮುಖ ತೊಳೆದು, ನೀರು ಪೂರ್ತಿ ಆರಿದ ಮೇಲೆ, ಸೀರಮ್ಮಿನ ಕೆಲವೇ ಹನಿ ಅಂಗೈಗೆ ಹಾಕಿಕೊಂಡು ಮೆಲ್ಲಗೆ ಒತ್ತಬೇಕು, ಉಜ್ಜಬಾರದು. ಮೊದಮೊದಲು ದಿನ ಬಿಟ್ಟು ದಿನ. ಸ್ವಲ್ಪ ಚುರುಚುರು ಎಂದರೆ ಹೆದರಬೇಡಿ, ಉರಿದರೆ ತೊಳೆದುಬಿಡಿ. ಅದರ ಮೇಲೆ ಕ್ರೀಮು, ಕ್ರೀಮಿನ ಮೇಲೆ ಸನ್‌ಸ್ಕ್ರೀನು. ಅದಿಲ್ಲದೆ ಇದನ್ನು ಹಚ್ಚುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಾಟಲಿಗೆ ಬಿಸಿ, ಬೆಳಕು ಆಗುವುದಿಲ್ಲ. ಕಷಾಯದ ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ. ಬಂಗು ಪೂರ್ತಿ ಹೋಗುತ್ತದೆಂದು ಯಾರೂ ಹೇಳಲಾರರು, ತಿಂಗಳುಗಟ್ಟಲೆ ಹಚ್ಚಿದರೆ ತಿಳಿಯಾಗಬಹುದು. ಅವರು ಬಾಯಿ ತೆರೆದು ಕೇಳಿಸಿಕೊಂಡರು. ಬಾಳೆದಿಂಡು ಹೆಚ್ಚಿ ಹಾಗೇ ಬಿಟ್ಟರೆ ಗಾಳಿಗೆ ಕಪ್ಪಾಗುತ್ತದೆ, ಮಜ್ಜಿಗೆ ನೀರಿಗೆ ಹಾಕಿದರೆ ಬೆಳ್ಳಗಿರುತ್ತದೆ, ಇದೂ ಹಾಗೆಯೋ ಎಂದು ಕೇಳಿದರು. ಹೆಚ್ಚುಕಡಿಮೆ ಹಾಗೆಯೇ ಎಂದೆ. ನಾನು ಹಾಗೆ ಎನ್ನಬಾರದಿತ್ತು.

ತಂಗಿಯ ಮಗಳ ನಾಟಕ ಎರಡನೆಯ ಬಾಟಲಿಗೆ ಮುಗಿಯಿತು. ಮಡಿಯಲ್ಲಿದ್ದಾಗ ಸನ್‌ಸ್ಕ್ರೀನು ಹಚ್ಚಿಕೊಳ್ಳಬಹುದೋ ಎಂದು ಅವರೇ ಫೋನು ಮಾಡಿ ಕೇಳಿದರು. ಲಗ್ನದ ಅಡಿಗೆಯೆಂದರೆ ದೇವರಿಗೆ ನೈವೇದ್ಯವಾಗಿ ಆಮೇಲೆ ಎಲೆಗೆ ಬರುವ ಅಡಿಗೆ. ಮಿಂದು, ಮಡಿ ಉಟ್ಟು, ಒಲೆ ಹೊತ್ತಿಸಿದ ಮೇಲೆ ಮೈಗೆ ಏನೂ ಸೋಕಬಾರದು. ಆ ಟ್ಯೂಬಿನಲ್ಲಿ ಏನೇನಿದೆಯೋ ಯಾರಿಗೆ ಗೊತ್ತು. ದೇವರಿಗೆ ಗೊತ್ತಾಗುವುದಕ್ಕಿಂತ ಮುಂಚೆ ಅಜ್ಜಿಯರಿಗೆ ಗೊತ್ತಾಗುತ್ತದೆ ಎಂದರು. ಅದು ನನಗೂ ಗೊತ್ತಿದ್ದ ಸಂಗತಿಯೇ. ಕೊನೆಗೆ ಒಂದು ಒಪ್ಪಂದವಾಯಿತು. ಅಡಿಗೆಯಿಲ್ಲದ ದಿನ ಎಲ್ಲ ಹಚ್ಚುವುದು, ಅಡಿಗೆಯಿದ್ದ ದಿನ ಏನೂ ಇಲ್ಲ. ಬಾಟಲಿಯನ್ನು ಯಾರಿಗೂ ಕಾಣದ ಹಾಗೆ ಇಂಗಿನ ಡಬ್ಬಿಯ ಹಿಂದೆ ಇಡುತ್ತಿದ್ದರಂತೆ. ಅವರ ಕೈಕೆಳಗಿನವರಿಗೆ ಅದು ಗೊತ್ತಿತ್ತು, ಅವರಿಗೆ ಗೊತ್ತಿದೆ ಎನ್ನುವುದು ಭಟ್ಟರಿಗೂ ಗೊತ್ತಿತ್ತು. ಹಾಗಾಗಿ ಆ ಡಬ್ಬಿಯ ಹತ್ತಿರ ಕೈ ಹೋದಾಗಲೆಲ್ಲ ಅವರ ಕಿವಿ ಕೆಂಪಾಗುತ್ತಿತ್ತು.

ಒಂದು ಸಲ ಯಲ್ಲಾಪುರದ ಕಡೆಯ ಲಗ್ನ ಮುಗಿದ ಮೇಲೆ, ಮಾರನೆಯ ದಿನ ಕಲಘಟಗಿ ರಸ್ತೆಯಲ್ಲಿ ಇನ್ನೊಂದು ಕಾರ್ಯವಿತ್ತು. ಬಸ್ಸು ತಪ್ಪಿತು. ಪಾತ್ರೆ ತುಂಬಿದ ಅವರ ಟೆಂಪೋದಲ್ಲಿ ನಾನೂ ಹತ್ತಿಕೊಂಡೆ. ಕಿರವತ್ತಿಯಲ್ಲಿ ಡಾಬಾದ ಮುಂದೆ ನಿಲ್ಲಿಸಿದರು. ಲಗ್ನದ ಮನೆಯಲ್ಲಿ ಅವರು ಉಣ್ಣುತ್ತಿರಲಿಲ್ಲ. ಬೇಯಿಸಿದವನಿಗೆ ವಾಸನೆಗೇ ಹೊಟ್ಟೆ ತುಂಬುತ್ತದೆ ಎನ್ನುವುದು ಅವರ ಮಾತು. ಇಲ್ಲಿ ಮಾತ್ರ ರೊಟ್ಟಿ, ಬದನೆಕಾಯಿ ಪಲ್ಯ, ಖುಷಿಯಿಂದ ತಿನ್ನುತ್ತಿದ್ದರು. ಡಾಬಾದವನಿಗೆ ಅವರ ಗುರುತಿತ್ತು. "ಬರ್ರಿ ಭಟ್ರ, ಕುಂದರ್ರಿ, ಇವತ್ತು ನಾ ಬಡಸ್ತೀನಿ," ಎಂದು ಖುರ್ಚಿ ಒರೆಸಿದ. ಯಾರೋ ತನಗೆ ಬಡಿಸುತ್ತಾರೆಂದರೆ ಆ ಮನುಷ್ಯ ಸಣ್ಣ ಹುಡುಗನ ಹಾಗೆ ನೆಟ್ಟಗೆ ಕೂತುಬಿಟ್ಟರು. ಆವತ್ತೇ ಬಾಯಿಬಿಟ್ಟದ್ದು. ನಮ್ಮವರ ಸಂಬಂಧ ಹುಡುಕುವ ವಾಟ್ಸಾಪ್ ಗುಂಪಿಗೆ ಅವರ ಅಕ್ಕ ಅವರ ಫೋಟೋ ಹಾಕಿ ಬಹಳ ಕಾಲವಾಗಿತ್ತು. ಅಡಿಗೆ ಕೆಲಸವೆಂದರೆ ಅರ್ಧ ಜನ ಅಲ್ಲಿಗೇ ಬಿಡುತ್ತಾರೆ. ಉಳಿದ ಅರ್ಧ ಫೋಟೋ ನೋಡಿ, ಹುಡುಗನಿಗೆ ವಯಸ್ಸು ಜಾಸ್ತಿ ಕಾಣುತ್ತದೆ ಎನ್ನುತ್ತಾರೆ. ಮುಖ ನೋಡಿ ಮಣೆ ಹಾಕುವುದು ಎನ್ನುತ್ತಾರಲ್ಲ, ನನಗೆ ಮಣೆಯೇ ಇಲ್ಲ ಎಂದು ನಕ್ಕರು. ಊರವರ ಲಗ್ನಕ್ಕೆಲ್ಲ ಹೋಳಿಗೆ ಬೇಯಿಸಿ ತನ್ನದಕ್ಕೆ ಬೇಯಿಸುವವರು ಯಾರು ಎಂದು ಯೋಚಿಸಿಟ್ಟುಕೊಂಡಿದ್ದರಂತೆ. ಅದನ್ನು ಮಾತ್ರ ನಗದೆ ಹೇಳಿದರು.

ನಾನು ಆಗ ದೊಡ್ಡ ತಿಳಿದವಳ ಹಾಗೆ, ಮುಖದಲ್ಲಿ ಏನಿದೆ ಭಟ್ರೇ, ಮನಸ್ಸು ಮುಖ್ಯ ಎಂದೆ. ಮುಖದಿಂದಲೇ ಹೊಟ್ಟೆ ಹೊರೆಯುವವಳು ಹೇಳುವ ಮಾತೇ ಅದು? ಅವರು ರೊಟ್ಟಿ ಮುರಿಯುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ನಿಂಗಕ್ಕೂ ಇದ್ದಲಾ ಮೇಡಂ, ಬಂಗು. ಬೆವರು ಬಂದಾಗ ಕಾಣ್ತು."

ನನಗೆ ಮೈಯೆಲ್ಲ ಉರಿಯಿತು. ಹುಬ್ಬಳ್ಳಿಯ ಗಂಡನ ಮನೆ ಬಿಟ್ಟು ಬಂದ ಮೇಲೆ ನನಗೂ ಕೆನ್ನೆಗೆ ಬಂಗು ಬಂದಿತ್ತು. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಅದರ ಮೇಲೆ ಬಣ್ಣ ಬಳಿದು ಮುಚ್ಚುತ್ತಿದ್ದೆ. ಬಂಗು ಹೋಗಿಸುತ್ತೇನೆ ಎಂದು ಬೋರ್ಡು ಹಾಕಿಕೊಂಡವಳ ಮುಖದಲ್ಲೇ ಬಂಗಿದ್ದರೆ ಮೆಟ್ಟಿಲು ಹತ್ತುವವರು ಯಾರು? ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದೆ. ಗಂಡ ಬಿಟ್ಟವಳು ಎನ್ನುವುದು ಶಿರಸಿಗೆಲ್ಲ ಗೊತ್ತಿದ್ದರೂ ನಾನು ತಲೆ ಎತ್ತಿಯೇ ಓಡಾಡಿದವಳು. ಈ ಕಲೆ ಕಂಡಿತೆಂದರೆ ಮಾತ್ರ ಸೆರಗು ಎಳೆದುಕೊಳ್ಳಬೇಕೆನಿಸಿತು. ಚಹಾ ಅರ್ಧಕ್ಕೆ ಬಿಟ್ಟು ಟೆಂಪೋ ಹತ್ತಿ ಕೂತೆ. ಆಮೇಲೆ ಯೋಚಿಸಿದರೆ, ಅವರು ಅದನ್ನು ಚುಚ್ಚಲು ಹೇಳಿದ್ದಲ್ಲ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿದೆ, ಆದ್ದರಿಂದ ಒಬ್ಬರೆದುರು ಒಬ್ಬರು ನಾಚಬೇಕಿಲ್ಲ ಎನ್ನುವ ಧೈರ್ಯಕ್ಕೆ ಹೇಳಿದ್ದು.

ಸೀರಮ್ಮು ಕೆಲಸ ಮಾಡಿತು. ಮಳೆಗಾಲದಲ್ಲಿ ಲಗ್ನವಿಲ್ಲ, ಒಲೆಯಿಲ್ಲ, ಬಿಸಿಲೂ ಇಲ್ಲ. ನಾಗರಪಂಚಮಿಯ ಹೊತ್ತಿಗೆ ಮೂಗಿನ ಮೇಲಿನದು ಮಾಸಿತು, ಕೆನ್ನೆಯದು ತಿಳಿಯಾಯಿತು. ನಾನೇ ಕಿಟಕಿಯ ಬೆಳಕಿನಲ್ಲಿ ನಿಲ್ಲಿಸಿ ಹೊಸ ಫೋಟೋ ತೆಗೆದುಕೊಟ್ಟೆ. ಅದರಲ್ಲಿ ಅವರು ನೆಟ್ಟಗೆ ನಿಂತಿದ್ದಾರೆ. ನಾನು ಅದನ್ನು ನನ್ನ ಕೆಲಸವೆಂದು ಮೆಚ್ಚಿಕೊಂಡೆ, ಮೊದಲಿನ ಫೋಟೋ ಪಕ್ಕ ಇಟ್ಟು ನೋಡಿದೆ. ಆ ಫೋಟೋಕ್ಕೆ ಅರಬೈಲಿನ ಕಡೆಯಿಂದ ಉತ್ತರ ಬಂತು. ಹುಡುಗಿ ಸಿದ್ದಾಪುರದ ಶಾಲೆಯೊಂದರಲ್ಲಿ ಟೀಚರು. ತಂದೆಯಿಲ್ಲ, ಸೋದರಮಾವನೇ ಎಲ್ಲ. ಅಡಿಗೆ ಕೆಲಸವಾದರೆ ಏನಾಯಿತು, ದುಡಿದು ತಿನ್ನುವವನಲ್ಲವೇ ಎಂದು ಹುಡುಗಿಯೇ ಹೇಳಿದಳೆಂದು ಸುದ್ದಿ. ಯಲ್ಲಾಪುರದಲ್ಲಿ ಅವರ ನೆಂಟರ ಪೈಕಿ ಒಂದು ಲಗ್ನವಿತ್ತು, ಅದರ ಅಡಿಗೆ ಇವರದ್ದೇ. ಅಲ್ಲೇ ಉಣ್ಣಲು ಬಂದವರ ಹಾಗೆ ಬಂದು ನೋಡಿ ಹೋಗುವುದೆಂದು ಠರಾವಾಯಿತು. ನಮ್ಮಲ್ಲಿ ಅರ್ಧ ಸಂಬಂಧ ಕುದುರುವುದು ಬೇರೆಯವರ ಲಗ್ನದ ಪಂಕ್ತಿಯಲ್ಲೇ. ಒಪ್ಪಿಗೆಯಾದರೆ ಹೇಳುವುದು, ಇಲ್ಲದಿದ್ದರೆ ಉಂಡು ಕೈ ತೊಳೆದುಕೊಂಡ ಹಾಗೆ, ಯಾರಿಗೂ ಅವಮಾನವಿಲ್ಲ.

ಇನ್ನೇನು ವಾರವಿದೆ ಎನ್ನುವಾಗ ಬಾಟಲಿ ಕಷಾಯದ ಬಣ್ಣಕ್ಕೆ ತಿರುಗಿತು. ಇಂಗಿನ ಡಬ್ಬಿಯ ಹಿಂದೆ, ಒಲೆಯ ಬಿಸಿಗೆ, ಮತ್ತೇನಾದೀತು? ಫೋನಿನಲ್ಲಿ ಹೇಳಿದಾಗ, ಚೆಲ್ಲಿ, ಬಂದು ಹೊಸದು ಒಯ್ಯಿರಿ ಎಂದೆ. ಚೆಲ್ಲಿದರು. ಸಾಲು ಕಾರ್ಯಗಳಿದ್ದವು, ಶಿರಸಿಗೆ ಬರಲು ಪುರುಸೊತ್ತಾಗಲಿಲ್ಲ. ಅವರ ಎದುರಿಗೆ ಒಂದು ಗೋಣಿ ಕಂಚಿಕಾಯಿ ಇತ್ತು. ಬಾಟಲಿಯಲ್ಲಿರುವುದೂ ಹುಳಿ, ಇದೂ ಹುಳಿ. ಅದು ಯಾವ ಕಾಲದಲ್ಲಿ ಹಿಂಡಿದ್ದೋ, ಇದು ಈಗ ಹಿಂಡಿದ್ದು, ತಾಜಾ. ಅಡಿಗೆಯವರ ತಲೆ ಓಡಿದ್ದು ಹೀಗೆ. ಮುಖದ ತುಂಬ ರಸ ಸವರಿಕೊಂಡು, ಅದರ ಮೇಲೆ ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನಿಂತು ಟೆಂಪೋದಿಂದ ಪಾತ್ರೆ ಇಳಿಸಿದ್ದಾರೆ. ಸಂಜೆಗೆ ಉರಿ, ಮಾರನೆಯ ದಿನ ಗುಳ್ಳೆ, ಆಮೇಲೆ ರಸ ಇಳಿದಲ್ಲೆಲ್ಲ ಕಪ್ಪು ಗೆರೆ. ಕಂಚಿ, ಲಿಂಬೆಯಂಥವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ ಎಂದು ನಾನು ಗಿರಾಕಿಗಳಿಗೆಲ್ಲ ಹೇಳುತ್ತೇನೆ. ಅವರಿಗೆ ಹೇಳಿರಲಿಲ್ಲ. ಗಂಡಸಿಗೆ ಯಾಕೆ ಬೇಕು ಎಂದುಕೊಂಡಿದ್ದೆನೋ ಏನೋ.

ಲಗ್ನದ ದಿನ ಮದುಮಗಳು ಧಾರೆಗೆ ಹೋದ ಮೇಲೆ ಕೋಣೆಯಲ್ಲಿ ನಾನೊಬ್ಬಳೇ ಪೆಟ್ಟಿಗೆ ತುಂಬುತ್ತಿದ್ದೆ. ಹಿಂದಿನ ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ಮಡಿಪಂಚೆಯಲ್ಲಿ, ಹೆಗಲ ವಸ್ತ್ರದಿಂದ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದರು. ವಸ್ತ್ರ ತೆಗೆದರು. ಹಣೆಯಿಂದ ದವಡೆಯವರೆಗೆ, ಯಾರೋ ಮಸಿ ಬೆರಳಲ್ಲಿ ಎಳೆದ ಹಾಗೆ.

"ಅರಬೈಲಿನವು ಬಂದು ಕೂತಿದ್ದ," ಎಂದರು. "ಮುಚ್ಚಲೆ ಬತ್ತಾ ನೋಡಿ."

ಮದುಮಗಳು ಎದ್ದ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಹಚ್ಚಿದೆ. ಮಡಿ ಏನಾಯಿತು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಒಬ್ಬ ಗಂಡಸು ನಾಚಿಕೆಯಿಂದ ಇಷ್ಟು ಬೆವರುವುದನ್ನು ನಾನು ನೋಡಿರಲಿಲ್ಲ, ಹಚ್ಚಿದ್ದು ಕೂರುತ್ತಲೇ ಇರಲಿಲ್ಲ. ಮದುಮಗಳ ಬಣ್ಣ ಖರ್ಚಾಗುತ್ತದೆ, ಸಾಕು ಎಂದರು. ಕನ್ನಡಿ ತೋರಿಸಿದೆ, ನೋಡಲಿಲ್ಲ. ಒಲೆಯ ಹತ್ತಿರ ಹೋಗಬೇಡಿ, ಮುಖ ಒರೆಸಬೇಡಿ ಎಂದು ಹೇಳಿ ಕಳಿಸಿದೆ. ಅಡಿಗೆಯವನಿಗೆ ಹೇಳುವ ಮಾತೇ!

ಕೆಲಸ ಮುಗಿದಿದ್ದರಿಂದ ಮೊದಲ ಪಂಕ್ತಿಯಲ್ಲೇ ನಾನೂ ಕೂತೆ. ಎದುರು ಸಾಲಿನಲ್ಲಿ ಅರಬೈಲಿನವರು, ಸೋದರಮಾವ, ಅತ್ತೆ, ನಡುವೆ ಹುಡುಗಿ. ತಿಳಿಹಸಿರು ಸೀರೆ, ತಲೆ ತಗ್ಗಿಸಿ ಉಣ್ಣುತ್ತಿದ್ದಳು. ದೊಡ್ಡ ಅಡಿಗೆಯವರು ಬಡಿಸಲು ಬರುವ ಪದ್ಧತಿಯಿಲ್ಲ, ಆದರೆ ಆವತ್ತು ನೋಡಲು ಸಿಗಬೇಕಲ್ಲ, ಅವರೇ ಸಾರಿನ ಬಕೆಟ್ಟು ಹಿಡಿದು ಹೊರಟರು. ಹಬೆಯಾಡುವ ಸಾರು. ಬಗ್ಗಿ ಬಗ್ಗಿ ಬಡಿಸಬೇಕು, ಪ್ರತಿ ಎಲೆಗೂ ಮುಖಕ್ಕೆ ಹಬೆ. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ನಾನು ಹಚ್ಚಿದ್ದು ಕರಗಿ ಕುತ್ತಿಗೆಗೆ ಇಳಿಯತೊಡಗಿತ್ತು. ಹೆಗಲ ಬಿಳಿ ವಸ್ತ್ರದ ಅಂಚು ಮಣ್ಣಿನ ಬಣ್ಣವಾಯಿತು. ಸೋದರಮಾವನ ಎಲೆಯ ಮುಂದೆ ಬಂದಾಗ ಆತ ತಲೆಯೆತ್ತಿ ನೋಡಿ, ತಮಾಷೆಗೋ ನಿಜಕ್ಕೋ, ಎಲ್ಲರಿಗೂ ಕೇಳುವ ಹಾಗೆ ಕೇಳಿದ:

"ಎಂತದು ಭಟ್ರೇ, ಮಡಿಲಿ ಮುಖಕ್ಕೆ ಬಣ್ಣ?"

ಪಂಕ್ತಿ ಪೂರ್ತಿ ತಿರುಗಿತು. ಅವರು ಬಕೆಟ್ಟು ಕೆಳಗಿಡಲಿಲ್ಲ.

"ಗಂಧ," ಎಂದರು. "ಬೆಂಕಿಗೆ ಉರಿ ಆಗ್ತು ಹೇಳಿ ಆನೇ ತೇಯ್ದು ಹಚ್ಗಂಡಿದ್ದು."

ಒಳ್ಳೆಯ ಉತ್ತರ, ತಾನೇ ತೇಯ್ದದ್ದು ಎಂದದ್ದು. ಗಂಧಕ್ಕೆ ಮಡಿಯಿಲ್ಲ, ಮೈಲಿಗೆಯಿಲ್ಲ. ಸೋದರಮಾವ ಹೂಂಗುಟ್ಟಿ ಅನ್ನ ಕಲಸಿಕೊಳ್ಳಲು ಕೈ ಹಾಕಿದ್ದ. ಅಲ್ಲಿಗೆ ಮುಗಿಯುತ್ತಿತ್ತು. ಆಚೆ ತುದಿಯಿಂದ ಯಾರೋ, ಯಾವ ಪಾರ್ಲರಿನ ಗಂಧ ಎಂದು ಅಂದ. ನಕ್ಕರು. ಇಡೀ ಸಾಲು ನಕ್ಕಿತು. ಅವರು ಇನ್ನೂ ಬಗ್ಗಿದರು. ಅದನ್ನು ನೋಡಲಾಗದೆ ನಾನು ಎದ್ದು ನಿಂತುಬಿಟ್ಟೆ. ನಮ್ಮಲ್ಲಿ ಪಂಕ್ತಿಯ ನಡುವೆ ಎಲೆ ಬಿಟ್ಟು ಯಾರೂ ಏಳುವುದಿಲ್ಲ, ಎಷ್ಟೇ ಅರ್ಜೆಂಟಿದ್ದರೂ. ಎಂಜಲು ಕೈಯಲ್ಲಿ ನಿಂತವಳನ್ನು ನೋಡಿ ನಗು ತಟ್ಟನೆ ನಿಂತಿತು.

"ಅದು ಗಂಧ ಅಲ್ಲ," ಎಂದೆ. "ಅವರ ಮುಖ ಸುಟ್ಟು ಹೋಗಿತ್ತು. ಹಚ್ಚಿದ್ದು ಆನು. ಮದುಮಗಳ ಕೋಣೆಲಿ, ಈಗಷ್ಟೆ."

ಹಚ್ಚಿದವಳು ನಾನೆಂದು ಒಪ್ಪಿಕೊಂಡು ಅವರನ್ನು ಕಾಪಾಡುತ್ತಿದ್ದೇನೆ ಎಂದೇ ನನ್ನ ತಲೆಯಲ್ಲಿದ್ದದ್ದು. ಇದರಲ್ಲಿ ಅವರ ಶೋಕಿಯಿಲ್ಲ, ನಗುವುದಿದ್ದರೆ ನನ್ನನ್ನು ನೋಡಿ ನಗಿ ಎಂದು. ಮಾತು ಬಾಯಿಂದ ಹೊರಟ ಮೇಲೆ ಅದು ಉಳಿದವರ ಕಿವಿಗೆ ಹೇಗೆ ಬಿತ್ತೆಂದು ತಿಳಿಯಿತು. ಖಾಲಿ ಕೋಣೆ, ಗಂಡ ಬಿಟ್ಟ ಹೆಂಗಸು, ಮದುವೆಯಾಗದ ಗಂಡಸು. ಅದನ್ನು ಮುಚ್ಚಲೆಂದೇ ಅವರು ಗಂಧ ಎಂದದ್ದು. ನನ್ನ ಹೆಸರು ಬಾರದಿರಲಿ ಎಂದು ಅವರು ಹೇಳಿದ ಸುಳ್ಳನ್ನು ನಾನು ಅವರ ಮುಖದ ಮೇಲೆಯೇ ಒಡೆದಿದ್ದೆ. ಸೋದರಮಾವ ಕೈ ಹಿಂದೆ ತೆಗೆದು, ಹಾಗಾದರೆ ಗಂಧ ಎಂದದ್ದು ಎಂಥದ್ದು ಎಂದು ಕೇಳಿದ.

"ಸುಳ್ಳು," ಎಂದರು ಭಟ್ಟರು.

ಹೆಗಲ ವಸ್ತ್ರ ತೆಗೆದು ಹಣೆಯಿಂದ ಗಲ್ಲದವರೆಗೆ ಒಮ್ಮೆ ಒರೆಸಿಕೊಂಡರು. ಕಪ್ಪು ಗೆರೆಗಳೆಲ್ಲ ಎದ್ದು ಕಂಡವು. ಅದೇ ಮುಖದಲ್ಲಿ ಸಾಲಿನ ಕೊನೆಯವರೆಗೂ ಹೋಗಿ, ಒಂದು ಎಲೆಯನ್ನೂ ಬಿಡದೆ ಸಾರು ಬಡಿಸಿದರು. ನಾನು ಕೈ ತೊಳೆದುಕೊಂಡವಳು ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೊರಟುಬಿಟ್ಟೆ.

ಅರಬೈಲಿನವರು ಬೇಡವೆಂದರು. ಮಡಿ ಕೆಡಿಸಿದವನು, ಸುಳ್ಳು ಹೇಳಿದವನು, ಪಾರ್ಲರಿನವಳ ಜೊತೆ ಏನೋ ಇರುವವನು ಎಂದು ಮೂರು ಬಗೆಯಾಗಿ ಸುದ್ದಿ ಹಬ್ಬಿತು. ಕೇಳಿದವರು ತಮಗೆ ಬೇಕಾದ್ದನ್ನು ಆರಿಸಿಕೊಂಡರು. ನಾನು ಫೋನು ಮಾಡಿದೆ. ತಪ್ಪಾಯಿತು ಎನ್ನುವುದರೊಳಗೆ ಅವರೇ ಮಾತಾಡಿದರು.

"ನಿಂಗ ಅರ್ಧ ಊಟಕ್ಕೆ ಎದ್ದು ಹೋದ್ರಿ ಮೇಡಂ. ಹೋಳಿಗೆ ಇನ್ನೂ ಬಪ್ಪದಿತ್ತು."

ಮಾರನೆಯ ದಿನ ಬಸ್ಸಿನ ಕಂಡಕ್ಟರ್ ಒಂದು ಹೋಳಿಗೆ ಪೊಟ್ಟಣ ತಂದುಕೊಟ್ಟ. ಅವರು ಮತ್ತೆ ಸೀರಮ್ಮು ಕೇಳಲು ಬರಲಿಲ್ಲ. ಗುಂಪಿನಿಂದ ಫೋಟೋ ತೆಗೆಸಿದರೆಂದು ಆಮೇಲೆ ತಿಳಿಯಿತು. ಲಗ್ನಗಳಲ್ಲಿ ದೂರದಿಂದ ಕಂಡಾಗ ಬಂಗು ಮೊದಲಿನ ಹಾಗೆಯೇ ಹರಡಿಕೊಂಡಿತ್ತು. ನಾನು ಬಂದಿದ್ದೇನೆಂದು ಗೊತ್ತಾದರೆ ಅವರು ಶೆಡ್ಡಿನಿಂದ ಹೊರಗೆ ಬರುತ್ತಿರಲಿಲ್ಲ, ಬಂದರೆ ನನ್ನ ಹೆಸರು ಏಳುತ್ತದೆ ಎಂದು. ನನ್ನ ಊಟ ಮಾತ್ರ ಎಲೆ ಮುಚ್ಚಿ ಮದುಮಗಳ ಕೋಣೆಗೇ ಬರುತ್ತಿತ್ತು, ಯಾರೂ ಹೇಳದೆ. ಈ ವರ್ಷ ಬರಲಿಲ್ಲ. ಹಾಗಾಗಿಯೇ ನಾನು ತರಕಾರಿ ಹೆಚ್ಚುವವಳನ್ನು ಕೇಳಿದ್ದು.

ಇಷ್ಟೇ ಆಗಿದ್ದರೆ ನನ್ನ ನಾಚಿಕೆಗೆ ಒಂದು ಸಮಾಧಾನವಾದರೂ ಇತ್ತು. ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದಾಯಿತು, ಯಾರಿಗಾಗುವುದಿಲ್ಲ ಎಂದುಕೊಳ್ಳುತ್ತಿದ್ದೆ. ಊರಿನ ಮೇಲೂ ಸಿಟ್ಟು ಮಾಡಿಕೊಂಡಿದ್ದೆ. ಇಂಥ ಮನುಷ್ಯನಿಗೆ ಒಂದು ಹೆಣ್ಣು ಕೊಡದವರು ಎಂದು ಬಂದ ಗಿರಾಕಿಗಳ ಹತ್ತಿರವೆಲ್ಲ ಬೈಯುತ್ತಿದ್ದೆ. ಹೋದ ತಿಂಗಳು ಸಿದ್ದಾಪುರದಲ್ಲಿ ಒಂದು ಮದುಮಗಳ ಸಿಂಗಾರಕ್ಕೆ ಹೋದೆ. ಕನ್ನಡಿಯಲ್ಲಿ ಮುಖ ನೋಡಿದೊಡನೆ ಗುರುತು ಸಿಕ್ಕಿತು. ಅದೇ ಟೀಚರು. ಅವಳಿಗೂ ನನ್ನ ಗುರುತು ಮೊದಲೇ ಇತ್ತು, ಬೇಕೆಂದೇ ನನ್ನನ್ನು ಕರೆಸಿದ್ದಳು. ಕಣ್ಣಿಗೆ ಕಾಡಿಗೆ ಹಚ್ಚುವಾಗ ಮೆಲ್ಲಗೆ ಆ ದಿನದ ಮಾತು ತೆಗೆದಳು. ಬೇಡವೆಂದದ್ದು ಮಾವನಲ್ಲವಂತೆ, ಅವಳೇ ಅಂತೆ.

"ಅವು ಗಂಧ ಹೇಳಿದ್ದು ಯಾರಿಗೋಸ್ಕರ ಹೇಳಿ ಎಂಗೆ ಕೂತಲ್ಲೇ ಗೊತ್ತಾತು ಅಕ್ಕಾ. ನಿಂಗ ಎಲೆ ಬಿಟ್ಟು ಎದ್ದ ಮೇಲಂತೂ ಕೇಳದೇ ಬೇಡ. ನಿಂಗಳ ಇಬ್ರ ನಡುವೆ ಆನು ಎಂತಕ್ಕೆ ಬಪ್ಪದು ಹೇಳಿ ಬೇಡ ಅಂದಿದ್ದು." ಅವಳು ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. "ನಿಂಗ ಇಬ್ರೂ ಮದ್ವೆ ಆಗಿರ್ತ್ರಿ ಹೇಳೇ ತಿಳ್ಕಂಡಿದ್ದಿ. ಆಗಲ್ಯಾ?"

ಮಣೆ ಹಾಕದವರ ಮೇಲೆ ಅಷ್ಟು ಹಾರಾಡಿದ ನನಗೆ, ಆ ಮಾತು ಒಂದು ದಿನಕ್ಕೂ ತಲೆಯೊಳಗೆ ಬಂದಿರಲಿಲ್ಲ. ಎಷ್ಟು ಹತ್ತಿರದಿಂದ ನೋಡಿದ್ದೆ ಆ ಮುಖವನ್ನು! ಕಿಟಕಿಯ ಬೆಳಕಿಗೆ ಹಿಡಿದು, ಗಲ್ಲ ಎತ್ತಿ, ಕಲೆ ಎಲ್ಲಿ ಮಾಸಿತು, ಎಲ್ಲಿ ಉಳಿಯಿತು ಎಂದು. ಅಡಿಗೆಯವನು, ನನ್ನ ಗಿರಾಕಿ. ಅದಕ್ಕಿಂತ ಆಚೆ ನೋಡಿರಲಿಲ್ಲ. ಹೆಣ್ಣು ಕೊಡದವರ ಸಾಲಿನಲ್ಲಿ ಮೊದಲ ಎಲೆ ನನ್ನದೇ ಆಗಿತ್ತು.

ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು. ನಾನು ಲಿಪ್‌ಸ್ಟಿಕ್ ತೆಗೆದುಕೊಂಡೆ.

"ಬಾಯಿ ಮುಚ್ಕ ಕೂಸೇ," ಎಂದೆ, "ತುಟಿಗೆ ಹಚ್ಚವು."